ಹನ್ನೊಂದನೇ ಮರಿಗೆ ಕಿವಿ ಬಂತು

ಹಾಸನ
3 ಜೂನ್ 2024

ಕಾಮಾಕ್ಷಮ್ಮನವರಿಗೆ ನಮಸ್ಕಾರ.

ನೀವು ಕಳಿಸಿದ ಮೊಟ್ಟೆಬುಟ್ಟಿ ಕೈಸೇರಿತು. ಹದಿನೆಂಟರಲ್ಲಿ ಹದಿನೇಳು ನೆಟ್ಟಗಿವೆ. ಒಡೆದ ಒಂದಕ್ಕೆ ಕಂಡಕ್ಟರ್ ರುದ್ರೇಶ್ ಅವರನ್ನು ಬೈಯಬೇಡಿ. ಅರಕಲಗೂಡಿನಿಂದ ಇಲ್ಲಿಯವರೆಗೆ ಬುಟ್ಟಿಯನ್ನು ತೊಡೆಯ ಮೇಲೇ ಇಟ್ಟುಕೊಂಡು ಬಂದರಂತೆ, ಟಿಕೆಟ್ ಕೊಡಲು ಎದ್ದಾಗ ಮಾತ್ರ ಕೆಳಗಿಟ್ಟರಂತೆ.

ನಾನು ದಿವ್ಯಾ. ಇಲ್ಲಿಯ ಪ್ರಯೋಗಾಲಯದಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ, ಇದು ನಾಲ್ಕನೇ ವರ್ಷ. ಮೊಟ್ಟೆಯೊಳಗೆ ಮರಿ ಬೆಳೆಯುವಾಗ ಅದರ ಕಿವಿಯ ನರಗಳು ಹೇಗೆ ಹುಟ್ಟುತ್ತವೆ, ಆಗ ಯಾವ ಯಾವ ಜೀನುಗಳು ಕೆಲಸ ಶುರು ಮಾಡುತ್ತವೆ ಎಂದು ನೋಡುವುದು ನನ್ನ ಕೆಲಸ. ಅಂಗಡಿಯ ಫಾರಂ ಮೊಟ್ಟೆಯಲ್ಲಿ ಮರಿಯೇ ಆಗುವುದಿಲ್ಲ, ಹುಂಜದ ಜೊತೆ ಓಡಾಡಿದ ಕೋಳಿಯ ಮೊಟ್ಟೆಯೇ ಬೇಕು. ಅದಕ್ಕೇ ರುದ್ರೇಶ್ ಅವರಿಗೆ ಹೇಳಿ ನಿಮ್ಮ ನಾಟಿ ಮೊಟ್ಟೆ ತರಿಸಿದ್ದು.

ಒಂದು ಕೋರಿಕೆ. ಪ್ರತಿ ಮೊಟ್ಟೆಯ ಮೇಲೂ ಇಟ್ಟ ತಾರೀಕನ್ನು ಪೆನ್ಸಿಲ್ಲಿನಲ್ಲಿ ಬರೆದು, ಬುಟ್ಟಿಯಲ್ಲಿ ಒಂದು ಚೀಟಿ ಇಡಬೇಕು. ನಮ್ಮ ಗೈಡ್ ರಜನೀಶ್ ಸರ್ ಚೀಟಿಯಿಲ್ಲದ ಮೊಟ್ಟೆಯನ್ನು ಮುಟ್ಟುವುದಿಲ್ಲ. ಇಷ್ಟು ಹೇಳಲು ಮೂರು ಸಲ ಫೋನ್ ಮಾಡಿದೆ. ಮೂರು ಸಲವೂ ನೀವು "ಕೋಳಿ ಇಲ್ಲ, ಓಗಿ" ಎಂದು ಇಟ್ಟುಬಿಟ್ಟಿರಿ. ಅದಕ್ಕೆ ಖಾಲಿ ಬುಟ್ಟಿಯಲ್ಲಿ ಈ ಕಾಗದ.

ದಿವ್ಯಾ


ಅರಕಲಗೂಡು ತಾಲ್ಲೂಕು
10 ಜೂನ್ 2024

ದಿವ್ಯಾ ಮೇಡಂ ಅವರಿಗೆ ಕಾಮಾಕ್ಷಮ್ಮ ಮಾಡುವ ನಮಸ್ಕಾರ.

ನನಗೆ ಕಿವಿ ಮಂದ. ಫೋನು ಮಾಡೋರೆಲ್ಲ ಭಾನುವಾರಕ್ಕೆ ಕೋಳಿ ಕೇಳೋರೇ ಅಂದ್ಕೊಂಡು ಇಟ್ಟುಬಿಡ್ತೀನಿ, ತಪ್ಪು ತಿಳೀಬೇಡಿ. ಏಳನೇ ಕ್ಲಾಸು ಪಾಸಾದವಳು, ನನ್ನ ಅಕ್ಷರ ದುಂಡಗಿದೆ ಅಂತ ಮೇಷ್ಟ್ರು ಎಲ್ಲರಿಗೂ ತೋರಿಸೋರು. ಚೀಟಿ ನನಗೇನೂ ಕಷ್ಟ ಅಲ್ಲ.

ಜೀನು ಅಂತ ಬರೆದಿದ್ದೀರಿ. ಅದನ್ನ ಮೊದಲು ಜೇನು ಅಂತ ಓದಿಕೊಂಡೆ. ಮೊಟ್ಟೆಯೊಳಗೆ ಜೇನು ಎಲ್ಲಿಂದ ಬಂತು ಅಂತ ಎರಡು ದಿನ ಯೋಚನೆ ಮಾಡಿ ಆಮೇಲೆ ಕನ್ನಡಕ ಹಾಕಿಕೊಂಡೆ.

ರುದ್ರೇಶ ಒಂದು ಮಾತು ಹೇಳಿದ. "ಅಕ್ಕಾ, ಆ ಉಡ್ಗಿ ಚನ್ರಾಯಪಟ್ಣದ ಲಿಂಗಾಯತ್ರೋಳು ಕಣಕ್ಕಾ. ಕೊಳ್ಳಲ್ಲಿ ಕರಡಿಗೆ ಅದೆ, ಕೈಯಲ್ಲಿ ನಿನ್ ಮೊಟ್ಟೆ ಅದೆ" ಅಂತ. ನಿಜವೇ? ನಿಮ್ಮ ತಾಯಿ ಒಪ್ಪಿದರೇ? ನಿಮ್ಮ ಕಡೆಯೋರು ಮೊಟ್ಟೆ ಇರೋ ಬೀದೀಲಿ ಮೂಗು ಮುಚ್ಚಿಕೊಂಡು ಹೋಗೋದನ್ನ ನೋಡಿದ್ದೀನಿ.

ಹದಿನೆಂಟು ಮೊಟ್ಟೆ. ಹತ್ತು ಕೆಂಪು ಕೋಳಿಯದು, ಎಂಟು ಬೋಳು ಕತ್ತಿಂದು.

ಕಾಮಾಕ್ಷಮ್ಮ


ಹಾಸನ
17 ಜೂನ್ 2024

ಕಾಮಾಕ್ಷಮ್ಮನವರಿಗೆ,

ನಿಜ. ಕೊರಳಲ್ಲಿ ಕರಡಿಗೆಯೂ ಇದೆ, ಕೈಯಲ್ಲಿ ಮೊಟ್ಟೆಯೂ ಇದೆ. ನಮ್ಮಮ್ಮ ಶಿವಗಂಗಮ್ಮನವರಿಗೆ "ನರಗಳ ಮೇಲೆ ಕೆಲಸ" ಎಂದಷ್ಟೇ ಹೇಳಿದ್ದೇನೆ. ಅವರು ಬೀದಿಯವರಿಗೆಲ್ಲ ಮಗಳು ನರದ ಡಾಕ್ಟರಾಗುತ್ತಿದ್ದಾಳೆ ಎಂದು ಹೇಳಿಕೊಂಡಿದ್ದಾರೆ. ಚನ್ನರಾಯಪಟ್ಟಣದ ಮನೆಗೆ ಹೋದಾಗಲೆಲ್ಲ ಬಚ್ಚಲಿಗೆ ಹೋಗಿ ಸೀಗೆಪುಡಿಯಲ್ಲಿ ಕೈ ಉಜ್ಜಿಕೊಂಡೇ ಅಡುಗೆಮನೆಗೆ ಕಾಲಿಡುತ್ತೇನೆ.

ಈ ವಾರವೂ ಏನೂ ಆಗಲಿಲ್ಲ. ಏಳು ತಿಂಗಳಿಂದ ಇದೇ ಹಾಡು. ರಜನೀಶ್ ಸರ್ ಈಗ ಬೈಯುವುದನ್ನೂ ಬಿಟ್ಟಿದ್ದಾರೆ, ಬಾಗಿಲಲ್ಲಿ ನಿಂತು ನನ್ನ ಮುಖ ನೋಡಿ ಹೊರಟುಹೋಗುತ್ತಾರೆ. ಯಾರಿಗೂ ಹೇಳದ್ದನ್ನು ಮೊಟ್ಟೆಬುಟ್ಟಿಗೆ ಹೇಳುತ್ತಿದ್ದೇನೆ, ಬೇಸರ ಮಾಡಿಕೊಳ್ಳಬೇಡಿ.

ದಿವ್ಯಾ


1 ಜುಲೈ 2024

ದಿವ್ಯಮ್ಮನಿಗೆ,

ಇನ್ನುಮೇಲೆ ಮೇಡಂ ಅನ್ನಲ್ಲ. ಅಮ್ಮನಿಗೆ ಸುಳ್ಳು ಹೇಳೋ ಹುಡುಗಿಗೆ ಎಂಥ ಮೇಡಂ.

ಕೋಳಿ ಕಾವಿಗೆ ಕೂತಾಗ ನಾನು ಏಳು ದಿನ ಆ ಕಡೆ ತಲೆ ಹಾಕಲ್ಲ. ದಿನಾ ಎತ್ತಿ ಎತ್ತಿ ನೋಡಿದರೆ ಯಾವ ಮೊಟ್ಟೆಯೂ ಮರಿಯಾಗಲ್ಲ. ನೀವು ಏಳು ತಿಂಗಳಿಂದ ಎತ್ತಿ ನೋಡ್ತಾ ಇದ್ದೀರೇನೋ. ಸ್ವಲ್ಪ ದಿನ ಸುಮ್ಮನಿರಿ.

ಈ ಸಲ ಹದಿನಾರೇ ಮೊಟ್ಟೆ. ಎರಡನ್ನ ನಮ್ಮನೆ ಕೂಸು ಒಡೆದು ಹಾಕ್ತು. ಮಗಳು ನಾಗಲಕ್ಷ್ಮಿ ಹೊಳೆನರಸೀಪುರದಲ್ಲಿ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗ್ತಾಳೆ, ಅವಳ ಮಗು ನಿಧಿ ನನ್ನ ಹತ್ತಿರ ಇದೆ. ಎರಡೂವರೆ ವರ್ಷ. ದಿನವೆಲ್ಲ ಕೋಳಿ ಹಿಂದೆ ಓಡೋದೇ ಅದರ ಕೆಲಸ. ಕರೆದರೆ ಬರೋದಿಲ್ಲ.

ಕಾಮಾಕ್ಷಮ್ಮ


15 ಜುಲೈ 2024

ಕಾಮಾಕ್ಷಮ್ಮನವರೇ,

ಬಂತು! ಹನ್ನೊಂದನೇ ಮರಿಗೆ ಕಿವಿ ಬಂತು!

ಎಂಟು ತಿಂಗಳು, ನಾನೂರಕ್ಕೂ ಹೆಚ್ಚು ಮೊಟ್ಟೆ. ಒಂದಕ್ಕಾದರೂ ಕಿವಿ ಬಂದಿರಲಿಲ್ಲ. ಹಳೆಯ ಔಷಧಿಯನ್ನು ಚೆಲ್ಲಿ ಹೊಸದನ್ನು ಹಾಕಿ, ನಿಮ್ಮ ಮಾತಿನಂತೆ ಎರಡು ದಿನ ಆ ಕಡೆ ತಲೆ ಹಾಕಲಿಲ್ಲ. ಶನಿವಾರ ಬೆಳಿಗ್ಗೆ ತೆಗೆದು ನೋಡಿದರೆ ಬೋಳು ಕತ್ತಿನ ಕೋಳಿಯ ಮೊಟ್ಟೆ, ಜುಲೈ ನಾಲ್ಕನೇ ತಾರೀಕಿನದು, ನೀಲಿಯಾಗಿ ಎರಡು ಕಡೆ ಎರಡು ಕಿವಿ! ರಜನೀಶ್ ಸರ್ ಬಾಗಿಲಲ್ಲಿ ನಿಲ್ಲದೆ ಒಳಗೇ ಬಂದರು. "ಬಂತೇನಮ್ಮ?" ಎಂದರು. "ಬಂತು ಸರ್" ಎಂದೆ. ಅಷ್ಟು ಹೇಳಿ ಸ್ಟೂಲಿನ ಮೇಲೆ ಕೂತು ಅತ್ತುಬಿಟ್ಟೆ.

ಬೋಳು ಕತ್ತಿನ ಕೋಳಿಗೆ ಒಂದು ಹಿಡಿ ಅಕ್ಕಿ ಜಾಸ್ತಿ ಹಾಕಿ.

ದಿವ್ಯಾ


22 ಜುಲೈ 2024

ದಿವ್ಯಮ್ಮನಿಗೆ,

ನಿಮ್ಮ ಕಾಗದ ಬಂತು. ಒಲೆ ಮೇಲೆ ಮುದ್ದೆಗೆ ಎಸರಿಟ್ಟಿದ್ದೆ, ಅದು ಆರಿಹೋಗೋ ತನಕ ಮೂರು ಸಲ ಓದಿದೆ. ಕನ್ನಡಕ ಹಾಕಿಕೊಂಡೇ ಓದಿದೆ.

ನನಗೆ ಸರಿಯಾಗಿ ತಿಳಿಸಿ. ಆ ಮರಿಗೆ ಮೊದಲು ಕಿವಿ ಇರಲಿಲ್ಲವೇ? ನೀವು ಔಷಧಿ ಹಾಕಿದ ಮೇಲೆ ಬಂತೇ? ಎಷ್ಟು ದಿನಕ್ಕೆ ಬಂತು? ಇದು ಮನುಷ್ಯರಿಗೂ ಆಗುತ್ತದೆಯೇ?

ಅಕ್ಕಿ ಹಾಕಿದೆ. ಎರಡು ಹಿಡಿ.

ಕಾಮಾಕ್ಷಮ್ಮ


29 ಜುಲೈ 2024

ಕಾಮಾಕ್ಷಮ್ಮನವರಿಗೆ,

ಆತುರದಲ್ಲಿ ಬರೆಯುತ್ತಿದ್ದೇನೆ, ವರದಿ ಕಳಿಸುವುದಿದೆ. ಹೌದು, ಮೊದಲು ಏನೂ ಇರಲಿಲ್ಲ, ಔಷಧಿ ಬದಲಾಯಿಸಿದ ಮೇಲೆ ಬಂತು. ಎರಡೇ ದಿನಕ್ಕೆ. ಈ ವಾರ ಇನ್ನೂ ನಾಲ್ಕು ಮರಿಗಳಿಗೆ ಬಂದಿದೆ. ಮನುಷ್ಯರಿಗೂ ಮುಂದೊಂದು ದಿನ ಉಪಯೋಗಕ್ಕೆ ಬರುತ್ತದೆ. ನಾವು ಇದನ್ನೆಲ್ಲ ಮಾಡುತ್ತಿರುವುದೇ ಕಿವುಡುತನ ಹೋಗಲಿ ಎಂದು.

ಮುಂದಿನ ವಾರದಿಂದ ಇಪ್ಪತ್ತನಾಲ್ಕು ಮೊಟ್ಟೆ ಸಿಗಬಹುದೇ?

ದಿವ್ಯಾ


12 ಆಗಸ್ಟ್ 2024

ದಿವ್ಯಮ್ಮನಿಗೆ,

ಇಪ್ಪತ್ತೆಂಟು ಇಟ್ಟಿದ್ದೀನಿ. ನಮ್ಮ ಮನೆಗೆ ಒಂದೂ ಇಟ್ಟುಕೊಂಡಿಲ್ಲ. ಪಕ್ಕದ ಕೊಪ್ಪಲಿಂದಲೂ ಒಂದು ಹುಂಜ ತಂದು ಬಿಟ್ಟಿದ್ದೀನಿ.

ಒಂದು ಕೇಳ್ತೀನಿ, ಇಲ್ಲ ಅನ್ನಬೇಡಿ. ಆ ಹನ್ನೊಂದನೇ ಮರಿನ ಒಂದು ಸಲ ಕಳಿಸಿಕೊಡಿ. ಈಗ ಮುಷ್ಟಿಯಷ್ಟಾದರೂ ಆಗಿರಬೇಕು. ನೋಡಿ ವಾಪಸು ಕಳಿಸ್ತೀನಿ, ರುದ್ರೇಶ ಜೋಪಾನವಾಗಿ ತರ್ತಾನೆ. ಅದರ ಹಿಂದೆ ನಿಂತು ತಟ್ಟೆ ಬಡಿದು ಒಂದೇ ಸಲ ನೋಡಬೇಕು ಅಂತ ಆಸೆ.

ಕಾಮಾಕ್ಷಮ್ಮ


19 ಆಗಸ್ಟ್ 2024

ಕಾಮಾಕ್ಷಮ್ಮನವರಿಗೆ,

ಆ ಮರಿಯನ್ನು ಹೊರಗೆ ಕಳಿಸುವ ಹಾಗಿಲ್ಲ, ನಿಯಮವಿದೆ. ಚೆನ್ನಾಗಿಯೇ ಇದೆ. ಮೊಟ್ಟೆಗಳಿಗೆ ತುಂಬ ಧನ್ಯವಾದ, ಇಪ್ಪತ್ತೆಂಟೂ ನೆಟ್ಟಗಿದ್ದವು.

ಮೂರು ದಿನದಿಂದ ಸರಿಯಾಗಿ ಊಟ ಮಾಡಿಲ್ಲ. ಬರೆಯಲು ಕೈ ಬರುತ್ತಿಲ್ಲ.

ದಿವ್ಯಾ


2 ಸೆಪ್ಟೆಂಬರ್ 2024

ದಿವ್ಯಮ್ಮನಿಗೆ,

ನಿಯಮ ಇದ್ದರೆ ಬೇಡ. ಊಟ ಬಿಡಬೇಡಿ, ನೀವು ಗಟ್ಟಿಯಾಗಿದ್ದರೆ ತಾನೇ ನಮಗೆಲ್ಲ.

ಇಷ್ಟು ದಿನ ಹೇಳಿರಲಿಲ್ಲ, ಈಗ ಹೇಳ್ತೀನಿ. ನಮ್ಮ ನಿಧಿಗೆ ಹುಟ್ಟಿನಿಂದ ಕಿವಿ ಇಲ್ಲ. ಪಟಾಕಿ ಹೊಡೆದರೂ ತಿರುಗೋದಿಲ್ಲ. ಕಿವಿಗೆ ಹಾಕೋ ಮಿಷನ್ನು ಆರು ತಿಂಗಳು ಹಾಕಿದ್ದಾಯ್ತು, ಏನೂ ಪ್ರಯೋಜನ ಆಗಲಿಲ್ಲ. ಮೈಸೂರಿನ ದೊಡ್ಡಾಸ್ಪತ್ರೇಲಿ ತಲೆಬುರುಡೆ ಕೊರೆದು ಒಳಗೆ ಒಂದು ಯಂತ್ರ ಇಡ್ತಾರಂತೆ, ಸರ್ಕಾರದ್ದೇ. ಆಗಸ್ಟ್ 26ಕ್ಕೆ ಬನ್ನಿ ಅಂತ ಕಾಗದ ಬಂದಿತ್ತು. ಮೂರು ವರ್ಷ ತುಂಬೋದರೊಳಗೆ ಮಾಡಿಸಿದರೆ ಮಾತು ಚೆನ್ನಾಗಿ ಬರುತ್ತೆ ಅಂದಿದ್ದರು. ಕಾಗದ ನನ್ನ ಕೈಗೇ ಬಂತು. ನಾಗಲಕ್ಷ್ಮಿ "ಅವ್ವಾ, ಮೈಸೂರಿಂದ ಏನಾರ ಬಂತಾ?" ಅಂತ ಪ್ರತಿ ಭಾನುವಾರ ಕೇಳ್ತಾಳೆ. ಇಲ್ಲ ಅಂದೆ.

ಇಷ್ಟು ಪುಟ್ಟ ಮರಿಗೆ ಎರಡು ದಿನದಲ್ಲಿ ಔಷಧೀಲೇ ಕಿವಿ ತರಿಸೋರು ನೀವಿರುವಾಗ ನನ್ನ ಕೂಸಿನ ಬುರುಡೆ ಯಾಕೆ ಕೊರೆಸಲಿ? ತಾರೀಕು ಹೋಗಲಿ ಬಿಡಿ. ನಾನು ಕಾಯ್ತೀನಿ. ಎಷ್ಟು ಮೊಟ್ಟೆ ಬೇಕಾದರೂ ಕೊಡ್ತೀನಿ.

ಕಾಮಾಕ್ಷಮ್ಮ


ಹಾಸನ
2 ಸೆಪ್ಟೆಂಬರ್ 2024, ಮಧ್ಯಾಹ್ನ

ಕಾಮಾಕ್ಷಮ್ಮನವರೇ,

ನಿಮ್ಮ ಕಾಗದ ಓದಿದ ಕೂಡಲೇ ಬಸ್ ಸ್ಟ್ಯಾಂಡಿಗೆ ಬಂದು, ರುದ್ರೇಶ್ ಅವರ ಬಸ್ಸಿನ ಸೀಟಿನ ಮೇಲೆ ಕೂತು ಇದನ್ನು ಬರೆಯುತ್ತಿದ್ದೇನೆ. ದಯವಿಟ್ಟು ಪೂರ್ತಿ ಓದಿ.

ಯಾವ ಮರಿಗೂ ಕೇಳಿಸಿಲ್ಲ. ಹನ್ನೊಂದನೇ ಮರಿ ಮೊಟ್ಟೆಯಿಂದ ಹೊರಗೆ ಬಂದೇ ಇಲ್ಲ. ಮೂರು ದಿನ ಕಾವು ಕೊಟ್ಟು, ಮೊಟ್ಟೆ ಒಡೆದು, ಒಳಗಿದ್ದ ಉಗುರಿನಷ್ಟು ಜೀವವನ್ನು ಫಾರ್ಮಲಿನ್‌ನಲ್ಲಿ ಹಾಕುತ್ತೇನೆ. ಅದು ಸಾಯುತ್ತದೆ. ಆಮೇಲೆ ನಾನು ಹಾಕುವುದು ಬಣ್ಣ. ಕಿವಿಯಾಗಬೇಕಾದ ಜಾಗದಲ್ಲಿ ನಾವು ಹುಡುಕುವ ಜೀನು ಕೆಲಸ ಮಾಡುತ್ತಿದ್ದರೆ ಆ ಜಾಗ ನೀಲಿಯಾಗುತ್ತದೆ. ಆ ನೀಲಿ ಕಂಡರೆ ಲ್ಯಾಬಿನಲ್ಲಿ ನಾವು "ಕಿವಿ ಬಂತು" ಎನ್ನುತ್ತೇವೆ. ಕಣ್ಣಿನ ಜಾಗ ಕಂಡರೆ "ಕಣ್ಣು ಬಂತು" ಎನ್ನುತ್ತೇವೆ. ಬಾಯಿಗೆ ಅಭ್ಯಾಸವಾದ ಮಾತು, ಅಷ್ಟೆ. ಬಣ್ಣಕ್ಕೂ ಔಷಧಿ ಎನ್ನುತ್ತೇವೆ, ಸೀಸೆಯಲ್ಲಿರುವ ಎಲ್ಲದಕ್ಕೂ ಔಷಧಿ ಎನ್ನುತ್ತೇವೆ. ಅದರಿಂದ ಯಾವ ಕಿವುಡೂ ವಾಸಿಯಾಗುವುದಿಲ್ಲ.

ಮನುಷ್ಯರಿಗೂ ಉಪಯೋಗವಾಗುತ್ತದೆ ಎಂದು ಬರೆದೆನಲ್ಲ, ಅದು ಪ್ರತಿ ಅರ್ಜಿಯ ಕೊನೆಗೆ ನಾವು ಬರೆಯುವ ಸಾಲು. ಇನ್ನು ನಲವತ್ತು ವರ್ಷಕ್ಕೋ ಏನೋ, ಯಾರಿಗೂ ಗೊತ್ತಿಲ್ಲ. ನಿಧಿಗಂತೂ ಅಲ್ಲ. ನೀವು ಮರಿಯನ್ನು ಕಳಿಸಿ ಎಂದಾಗ ನೀವು ಏನೋ ತಪ್ಪು ತಿಳಿದಿದ್ದೀರಿ ಎಂದು ನನಗೆ ಗೊತ್ತಾಯಿತು. ಗೊತ್ತಾಗಿಯೂ ನಿಯಮವಿದೆ ಎಂದು ಬರೆದೆ. ಬಿಡಿಸಿ ಹೇಳಲು ತ್ರಾಣವಿರಲಿಲ್ಲ, ಮೊಟ್ಟೆಯೂ ಬೇಕಿತ್ತು. ನಿಮ್ಮ ಮನೆಯಲ್ಲಿ ಕಿವಿ ಕೇಳದ ಮಗುವಿದೆ ಎಂದು ಗೊತ್ತಿದ್ದರೆ ಹಾಗೆ ಮಾಡುತ್ತಿರಲಿಲ್ಲ ಎಂದು ಹೇಳಬೇಕೆನಿಸುತ್ತದೆ. ಹೇಳಿದರೆ ನೀವು ನಂಬಬೇಕಾಗಿಲ್ಲ.

ಆ ಯಂತ್ರವೇ ನಿಜವಾದ ದಾರಿ. ಇವತ್ತೇ ಮಗಳಿಗೆ ಹೇಳಿ, ಮೈಸೂರಿಗೆ ಹೋಗಿ ಇನ್ನೊಂದು ತಾರೀಕು ಕೇಳಿ. ನೀವು ಹೇಳದಿದ್ದರೆ ನಾನೇ ಬಂದು ಅವರಿಗೆ ಹೇಳುತ್ತೇನೆ.

ದಿವ್ಯಾ


ಹಾಸನ
12 ಸೆಪ್ಟೆಂಬರ್ 2024

ಕಾಮಾಕ್ಷಮ್ಮನವರಿಗೆ,

ಸೋಮವಾರ ಬುಟ್ಟಿ ಬಂತು. ಚೀಟಿ ಇರಲಿಲ್ಲ. ಹದಿನೆಂಟು ಮೊಟ್ಟೆ, ಎಲ್ಲದರ ಮೇಲೂ ದುಂಡಗಿನ ಅಕ್ಷರದಲ್ಲಿ ತಾರೀಕಿತ್ತು. ಚೀಟಿಯಿಲ್ಲ ಎಂದು ಸರ್‌ಗೆ ಹೇಳದೆ ಕಾವಿಗಿಟ್ಟೆ. ಇವತ್ತು ಬೆಳಿಗ್ಗೆ ತೆಗೆದು ಚಿಪ್ಪಿಗೆ ಸೂಜಿ ಚುಚ್ಚಿ ಎಳೆದರೆ ಲೋಳೆ ಬರಲಿಲ್ಲ. ಎರಡನೆಯದರಿಂದಲೂ ಬರಲಿಲ್ಲ. ಮೂರನೆಯದನ್ನು ಒಡೆದು ನೋಡಿದೆ.

ಹದಿನೆಂಟನ್ನೂ ಬೇಯಿಸಿ ಕಳಿಸಿದ್ದೀರಿ.

ರಜನೀಶ್ ಸರ್ ನೋಡಿ ನಕ್ಕರು. ನನಗೆ ನಗು ಬರಲಿಲ್ಲ, ಅಳುವೂ ಬರಲಿಲ್ಲ. ಇದಕ್ಕಿಂತ ಹೆಚ್ಚಿನದೇ ನನಗೆ ಸಲ್ಲಬೇಕು. ಬುಟ್ಟಿ ವಾಪಸು ಕಳಿಸುತ್ತಿದ್ದೇನೆ. ಮಗಳಿಗೆ ಹೇಳಿದಿರಾ ಎಂಬುದೊಂದನ್ನು ತಿಳಿಸಿ, ಮೊಟ್ಟೆ ಬೇಡ.

ದಿವ್ಯಾ


4 ನವೆಂಬರ್ 2024

ಕಾಮಾಕ್ಷಮ್ಮನವರಿಗೆ,

ಎಂಟು ವಾರವಾಯಿತು. ಎರಡು ಸಲ ಅರಕಲಗೂಡಿನ ಬಸ್ಸು ಹತ್ತಿ ಕೂತೆ, ಎರಡು ಸಲವೂ ಬಸ್ಸು ಹೊರಡುವ ಮುಂಚೆ ಇಳಿದೆ. ನಾನೇ ಬಂದು ಹೇಳುತ್ತೇನೆ ಎಂದು ಬರೆದವಳಿಗೆ ನಿಮ್ಮ ಮುಂದೆ ನಿಲ್ಲಲು ಮುಖವಿಲ್ಲ.

ಇಲ್ಲಿಯ ಕಿವಿ ಡಾಕ್ಟರರ ಹತ್ತಿರ ಹೋಗಿ ಕೇಳಿಕೊಂಡು ಬಂದೆ. ತಾರೀಕು ತಪ್ಪಿದರೆ ಹೆಸರು ಹೊಡೆದುಹಾಕುವುದಿಲ್ಲ, ಸಾಲಿನ ಕೊನೆಗೆ ಹೋಗುತ್ತದೆ. ಹಳೆಯ ಕಾಗದ, ಮಗುವಿನ ಆಧಾರ್, ಕಿವಿ ಪರೀಕ್ಷೆಯ ವರದಿ ತೆಗೆದುಕೊಂಡು ತಾಯಿಯೇ ಹೋಗಬೇಕು. ಯಾರನ್ನು ಕಾಣಬೇಕು ಎಂದು ಡಾಕ್ಟರೇ ಬರೆದುಕೊಟ್ಟಿದ್ದಾರೆ, ಆ ಚೀಟಿ ಇದರ ಜೊತೆ ಇದೆ. ನನ್ನ ಕಾಗದ ಬೇಕಾದರೆ ಒಲೆಗೆ ಹಾಕಿ. ಆ ಚೀಟಿ ಹಾಕಬೇಡಿ.

ದಿವ್ಯಾ


9 ಡಿಸೆಂಬರ್ 2024

ದಿವ್ಯಮ್ಮನಿಗೆ,

ನಿಮ್ಮ ಯಾವ ಕಾಗದವನ್ನೂ ಒಲೆಗೆ ಹಾಕಿಲ್ಲ. ಎಲ್ಲ ರಾಗಿ ಡಬ್ಬದಲ್ಲಿ ಇಟ್ಟಿದ್ದೆ, ಮೈಸೂರಿನ ಕಾಗದದ ಜೊತೇಲಿ. ಹೋದ ತಿಂಗಳು ನಾಗಲಕ್ಷ್ಮಿ ರಾಗಿ ಅಳೆಯೋಕೆ ಕೈ ಹಾಕಿ ಎಲ್ಲ ಈಚೆಗೆ ತೆಗೆದಳು. ಹೊಸ್ತಿಲ ಮೇಲೆ ಕೂತು ಮೊದಲಿಂದ ಕೊನೆ ತನಕ ಓದಿದಳು. ನಾನು ಒಲೆ ಮುಂದೆ ಕೂತಿದ್ದೆ, ತಿರುಗಲಿಲ್ಲ. ನನಗೆ ಕೇಳಲಿ ಅಂತ ಅವಳು ಎದುರಿಗೇ ಬಂದು ಕೂತು, ನನ್ನ ಮುಖ ಹಿಡಿದು ಹೇಳಿದಳು. "ಅವ್ವಾ, ಆ ಉಡ್ಗಿ ಬರ್ದುದ್ದು ಒಂದು, ನೀನು ಓದ್ಕಂಡಿದ್ದು ಒಂದು. ನಿಂಗೆ ಅಂಗೇ ಓದ್ಕಬೇಕಾಗಿತ್ತು ಕಣವ್ವ. ನೀನು ಎದ್ರುಕೊಂಡೆ."

ಹೌದು, ಹೆದರಿಕೊಂಡೆ. ನಮ್ಮ ಯಜಮಾನರು ರಂಗಸ್ವಾಮಿ ಅವರು ಸಣ್ಣದೊಂದು ಆಪರೇಷನ್ನು ಅಂತ ನಡೆದುಕೊಂಡು ಹೋದೋರು, ನಡೆದುಕೊಂಡು ಬರಲಿಲ್ಲ. ಬುರುಡೆ ಕೊರೀತಾರೆ ಅಂದ ದಿನದಿಂದ ಬೇಡ ಅನ್ನೋಕೆ ಒಂದು ಕಾರಣ ಹುಡುಕ್ತಾ ಇದ್ದೆ. ನಿಮ್ಮ ಕಾಗದದಲ್ಲಿ ಸಿಕ್ತು. ಸೀಸೆಯಲ್ಲಿ ಇರೋದೆಲ್ಲ ಔಷಧಿ ಅಂತ ನನಗೆ ಗೊತ್ತಿಲ್ಲದ್ದೇ? ಹುರುಳಿಗೆ ಹೊಡೆಯೋದಕ್ಕೂ ಔಷಧಿ ಅಂತಲೇ ಅಂತೀವಿ. ಗೊತ್ತಿದ್ದೂ ಕೇಳಲಿಲ್ಲ. ನೀವು ಸುಳ್ಳು ಹೇಳಿದಿರಿ ಅಂತ ಕೋಪ ಬಂದು ಬೇಯಿಸಿ ಕಳಿಸಿದೆ, ಆದರೆ ನಾನು ಮಗಳಿಗೆ ಹೇಳಿದ್ದೇನು ನಿಜವೇ?

ಅವತ್ತೇ ಕೂಸಿನ ಬಟ್ಟೆ ಗಂಟು ಕಟ್ಟಿಕೊಂಡು ಹೊಳೆನರಸೀಪುರಕ್ಕೆ ಕರೆದುಕೊಂಡು ಹೋದಳು. ನೀವು ಕಳಿಸಿದ ಚೀಟಿ ತೆಗೆದುಕೊಂಡೇ ಹೋದಳು. ಮೈಸೂರಿನಲ್ಲಿ ಮಾರ್ಚಿ ಹತ್ತಕ್ಕೆ ತಾರೀಕು ಕೊಟ್ಟಿದ್ದಾರಂತೆ. ತಡ ಆಯ್ತು, ಮಾತು ಕಲಿಯೋಕೆ ಕಷ್ಟ ಆಗುತ್ತೆ, ಯಾಕೆ ಮೊದಲೇ ಬರಲಿಲ್ಲ ಅಂತ ಬೈದರಂತೆ. ಇದನ್ನೆಲ್ಲ ರುದ್ರೇಶನ ಕೈಲಿ ಹೇಳಿ ಕಳಿಸಿದಳು. ನನ್ನ ಹತ್ತಿರ ಮಾತಾಡೋದಿಲ್ಲ.

ಕೋಳಿ ಹಿಂದೆ ಓಡೋರಿಲ್ಲ. ಮೊಟ್ಟೆ ಒಡೆಯೋರೂ ಇಲ್ಲ. ಇಪ್ಪತ್ತು ಇಟ್ಟಿದ್ದೀನಿ.

ಕಾಮಾಕ್ಷಮ್ಮ


16 ಡಿಸೆಂಬರ್ 2024

ಕಾಮಾಕ್ಷಮ್ಮನವರಿಗೆ,

ನೀವು ನನ್ನನ್ನು ಬಿಟ್ಟು ತಪ್ಪನ್ನೆಲ್ಲ ನೀವೇ ಹೊತ್ತುಕೊಂಡಿದ್ದೀರಿ. ಅಷ್ಟು ಸುಲಭಕ್ಕೆ ಬಿಡಬೇಡಿ. ನಿಧಿ ಕಳೆದುಕೊಂಡ ಏಳು ತಿಂಗಳಲ್ಲಿ ಅರ್ಧ ನನ್ನ ಲೆಕ್ಕಕ್ಕೆ.

ಇಪ್ಪತ್ತೂ ಹಸಿ ಇದ್ದವು. ಈ ಸಲ ಸೂಜಿಗೆ ಲೋಳೆ ಬರುವವರೆಗೂ ಉಸಿರು ಹಿಡಿದುಕೊಂಡಿದ್ದೆ.

ದಿವ್ಯಾ


14 ಏಪ್ರಿಲ್ 2025

ದಿವ್ಯಮ್ಮನಿಗೆ,

ಎಲ್ಲ ಚೆನ್ನಾಗಾಯ್ತು ಅಂತ ನೀವು ಓದಿಕೊಳ್ಳಬಾರದು, ಅದಕ್ಕೆ ನಡೆದಷ್ಟನ್ನೇ ಬರೀತೀನಿ.

ಮಾರ್ಚಿ ಹತ್ತಕ್ಕೆ ಆಪರೇಷನ್ನು ಆಯ್ತು. ನನ್ನನ್ನ ಕರೆಯಲಿಲ್ಲ. ಹೋದ ಸೋಮವಾರ ಹೊರಗಿನ ಯಂತ್ರ ಹಾಕಿ ಚಾಲೂ ಮಾಡೋ ದಿನ. ಭಾನುವಾರ ಸಾಯಂಕಾಲ ನಾಗಲಕ್ಷ್ಮಿ ಬಂದು ಬಾಗಿಲಲ್ಲೇ ನಿಂತು, "ಒರಡು, ನೀನೂ ನೋಡಿವಂತೆ" ಅಂದು ಕೈಸನ್ನೆಯನ್ನೂ ಮಾಡಿದಳು. ನಾಲ್ಕು ತಿಂಗಳ ಮೇಲೆ ಆಡಿದ ಮೊದಲ ಮಾತು ಅದು.

ಅಲ್ಲಿ ಒಬ್ಬ ಮೇಡಂ ಕಂಪ್ಯೂಟರ್ ಒತ್ತಿದರು. ಕೂಸು ಬೆಚ್ಚಿಬಿದ್ದು ಕಿರುಚಿಕೊಂಡು ಯಂತ್ರ ಕಿತ್ತು ಎಸೀತು. ಮತ್ತೆ ಹಾಕಿದರು, ಮತ್ತೆ ಕಿತ್ತು ಹಾಕ್ತು. "ಕೇಳಿಸ್ತಾ ಇದೆ, ಅದಕ್ಕೇ ಅಳ್ತಿದೆ" ಅಂದರು ಆ ಮೇಡಂ. ನಾಗಲಕ್ಷ್ಮಿ ನನ್ನ ಕೈ ಹಿಡಿದು "ಬಂತು ಕಣವ್ವಾ, ಬಂತು" ಅಂದಳು. ಆ ಮಾತು ಈಗ ನನ್ನ ಬಾಯಲ್ಲಿ ಬರೋದಿಲ್ಲ. ಸದ್ದಿಗೂ ಮಾತಿಗೂ ತುಂಬ ದೂರ ಇದೆಯಂತೆ, ಎರಡು ವರ್ಷವಾದರೂ ಬೇಕಂತೆ, ತಡವಾಗಿದ್ದಕ್ಕೆ ಇನ್ನೂ ಹೆಚ್ಚೇ ಆಗಬಹುದಂತೆ. ದಾರಿ ಪೂರ್ತಿ ಕೂಸು ಯಂತ್ರ ಕಿತ್ತು ಹಾಕ್ತಾನೇ ಬಂತು.

ಕಾಮಾಕ್ಷಮ್ಮ


ಹಾಸನ
28 ಏಪ್ರಿಲ್ 2025

ಕಾಮಾಕ್ಷಮ್ಮನವರಿಗೆ,

ಮೂರು ಸಲ ಓದಿದೆ. ಹೆಚ್ಚು ಏನನ್ನೂ ಓದಿಕೊಳ್ಳಲಿಲ್ಲ.

ನನ್ನ ಪ್ರಬಂಧ ಮುಗಿಯುತ್ತ ಬಂದಿದೆ. ಲ್ಯಾಬಿನ ರಿಜಿಸ್ಟರಿನಲ್ಲಿ ಈಗ "ಕಿವಿ ಬಂತು" ಎಂದು ಬರೆಯುವುದಿಲ್ಲ. "ಮೂರು ದಿನದ ಭ್ರೂಣ, ಸತ್ತಿದೆ, ಕಿವಿಯ ಜಾಗದಲ್ಲಿ ನೀಲಿ ಕಂಡಿತು" ಎಂದು ಪೂರ್ತಿ ಬರೆಯುತ್ತೇನೆ. "ಇಷ್ಟುದ್ದ ಯಾರು ಓದ್ತಾರಮ್ಮ?" ಎಂದು ರಜನೀಶ್ ಸರ್ ಕೇಳಿದರು. ಒಬ್ಬರು ಓದುತ್ತಾರೆ ಎಂದೆ.

ಯುಗಾದಿಗೆ ಪಟ್ಟಣಕ್ಕೆ ಹೋದಾಗ ಅಮ್ಮನಿಗೆ ಹೇಳಿದೆ. ಮೊಟ್ಟೆ, ಫಾರ್ಮಲಿನ್, ಎಲ್ಲ. ಒಬ್ಬಟ್ಟು ತಟ್ಟುತ್ತಿದ್ದವರು ಕೈ ನಿಲ್ಲಿಸಿದರು. "ನಾಲ್ಕು ವರ್ಷದಿಂದ ಸೀಗೆಪುಡಿ ಯಾಕೆ ಅಷ್ಟು ಬೇಗ ಖಾಲಿಯಾಗ್ತಿತ್ತು ಅಂತ ಈಗ ಗೊತ್ತಾಯ್ತು" ಎಂದರು. ಕ್ಷಮಿಸಿದರೋ ಇಲ್ಲವೋ ತಿಳಿಯದು. ಎಲೆ ಹಾಕಿ ಬಡಿಸಿದರು.

ದಿವ್ಯಾ


ಅರಕಲಗೂಡು ತಾಲ್ಲೂಕು
16 ಜೂನ್ 2025

ದಿವ್ಯಮ್ಮನಿಗೆ,

ಹದಿನೆಂಟು ಮೊಟ್ಟೆ. ಹನ್ನೆರಡು ಕೆಂಪಂದು, ಆರು ಬೋಳು ಕತ್ತಿಂದು. ಎಲ್ಲ ಹಸಿಯವೇ, ಅನುಮಾನ ಇದ್ದರೆ ಒಂದು ಒಡೆದು ನೋಡಿ.

ನಿನ್ನೆ ಭಾನುವಾರ ನಾಗಲಕ್ಷ್ಮಿ ಕೂಸನ್ನ ಕರೆದುಕೊಂಡು ಬಂದಿದ್ದಳು. ಈಗ ಯಂತ್ರ ಕೀಳೋದಿಲ್ಲ. ಮಾತು ಇನ್ನೂ ಒಂದೂ ಇಲ್ಲ. ಅವ್ವ ಅಂತಲೂ ಇಲ್ಲ. ಕರೆದರೆ ಈಗಲೂ ಬರಲ್ಲ, ಆದರೆ ಅದು ಹಟಕ್ಕೆ ಅಂತ ನಾಗಲಕ್ಷ್ಮಿ ಅಂತಾಳೆ.

ಕೂಸು ಜಗುಲಿ ಮೇಲೆ ಕೂತು ನೆಲದಲ್ಲಿ ಗೆರೆ ಎಳೀತಾ ಇತ್ತು. ನಾನು ಎದುರಿಗೆ ಕೂತು ಹುರುಳಿ ಹಸನು ಮಾಡ್ತಾ ಇದ್ದೆ. ಇದ್ದಕ್ಕಿದ್ದ ಹಾಗೆ ಅದರ ಕೈ ನಿಂತಿತು. ಕತ್ತೆತ್ತಿ ಹಿತ್ತಲ ಕಡೆ ತಿರುಗಿತು. ಏನಿದೆ ಅಂತ ನಾನೂ ತಿರುಗಿ ನೋಡಿದೆ. ಬೇಲಿ ಮೇಲೆ ಕೊಪ್ಪಲಿನ ಹುಂಜ ಕತ್ತು ಚಾಚಿ ನಿಂತಿತ್ತು, ಬಾಯಿ ಇನ್ನೂ ತೆರೆದೇ ಇತ್ತು.

ನನಗೆ ಕೇಳಿಸಿರಲಿಲ್ಲ. ಕೂಸು ತಿರುಗಿದ್ದು ನೋಡಿ ನನಗೆ ಹುಂಜ ಕೂಗ್ತು ಅಂತ ಗೊತ್ತಾಯ್ತು.

ಕಾಮಾಕ್ಷಮ್ಮ